ಗಂಟಲಿನ ಗ್ರಂಥಿ, ಸುಣ್ಣದಂಶದ ಲೆಕ್ಕ ಮತ್ತು ಗಬ್ಬದ ಹಸು

ನಿಟ್ಟೂರು, ನಗರ, ಸಂಪೇಕಟ್ಟೆ ಕಡೆಯ ಹಾಲು ಉತ್ಪಾದಕರು ಪಶುವೈದ್ಯರನ್ನು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಒಂದಿದೆ. "ಡಾಕ್ಟ್ರೇ, ಹಸು ಎಂಟು ತಿಂಗಳ ಗಬ್ಬ. ಈಗಿನಿಂದಲೇ ಕ್ಯಾಲ್ಸಿಯಂ ಬಾಟಲಿ ಕುಡಿಸಿಬಿಟ್ಟರೆ ಕರು ಹಾಕಿದ ಮೇಲೆ ಬೀಳುವುದಿಲ್ಲ ಅಲ್ಲವೇ?"

ಈ ಪ್ರಶ್ನೆ ಹುಟ್ಟುವುದು ಸಹಜ. ನಮ್ಮ ಕಡೆಯ ಜಡಿಮಳೆ ಮಣ್ಣಿನಲ್ಲಿರುವ ಸುಣ್ಣದಂಶವನ್ನು ತೊಳೆದುಕೊಂಡು ಹೋಗುತ್ತದೆ. ಮಣ್ಣು ಹುಳಿಯಾಗುತ್ತದೆ. ಅದಕ್ಕಾಗಿಯೇ ಅಡಿಕೆ ತೋಟಕ್ಕೆ ಸುಣ್ಣ ಹಾಕುತ್ತೇವೆ. ಬತ್ತದ ಹುಲ್ಲಿನಲ್ಲಿಯೂ ಸುಣ್ಣದಂಶ ಕಡಿಮೆ. ಇರುವ ಸ್ವಲ್ಪವನ್ನೂ ಹುಲ್ಲಿನಲ್ಲಿರುವ ಆಕ್ಸಲೇಟ್ ಎಂಬ ಅಂಶ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾದರೆ ಗಬ್ಬದ ಹಸುವಿಗೆ ಮುಂಚಿತವಾಗಿಯೇ ಕ್ಯಾಲ್ಸಿಯಂ ತುಂಬಿಸಿಡುವುದು ಒಳ್ಳೆಯದಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ.

ಆದರೆ ಗಬ್ಬದ ಕೊನೆಯ ಮೂರು ವಾರಗಳಲ್ಲಿ ಹೀಗೆ ಮಾಡುವುದರಿಂದ ಹಸು ಬೀಳುವ ಸಂಭವ ಹೆಚ್ಚುತ್ತದೆ. ಇದರ ಕಾರಣ ಹಸುವಿನ ಗಂಟಲಿನಲ್ಲಿದೆ. ಅಲ್ಲಿರುವ ಥೈರಾಯ್ಡ್ ಗ್ರಂಥಿ ಮತ್ತು ಅದರ ನೆರೆಯ ಸಣ್ಣ ಗ್ರಂಥಿಗಳು ರಕ್ತದ ಸುಣ್ಣದಂಶವನ್ನು ಕ್ಷಣಕ್ಷಣವೂ ಅಳೆಯುತ್ತಿರುತ್ತವೆ. ಅತಿಯಾದ ಸುಣ್ಣದಂಶ ಈ ಗ್ರಂಥಿಗಳಿಗೆ ಏನು ಮಾಡುತ್ತದೆ ಎಂಬುದನ್ನು ಹೋರಿಗಳ ಥೈರಾಯ್ಡಿನಲ್ಲಿ ಬೆಳೆದ ಗೆಡ್ಡೆಗಳು ವಿಜ್ಞಾನಿಗಳಿಗೆ ತೋರಿಸಿಕೊಟ್ಟವು. ಆ ವಿಚಾರವನ್ನು ಸದಸ್ಯರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಪೆಪ್ಟೈಡ್ ಹಾರ್ಮೋನು ಎಂದರೇನು?

ಕರು ಕೆಚ್ಚಲಿಗೆ ಗುದ್ದಿದ ಸ್ವಲ್ಪ ಹೊತ್ತಿಗೆ ಹಸು ಹಾಲು ಇಳಿಸುತ್ತದೆ. ಗುದ್ದಿದ ಸುದ್ದಿ ನರಗಳ ಮೂಲಕ ಮಿದುಳಿಗೆ ಹೋಗಿ, ಮಿದುಳಿನ ಬುಡದ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ವಸ್ತು ರಕ್ತಕ್ಕೆ ಸೇರಿ, ಅದು ಕೆಚ್ಚಲನ್ನು ತಲುಪಿ ಹಾಲನ್ನು ಹೊರದೂಡುತ್ತದೆ. ಹೀಗೆ ಒಂದು ಕಡೆ ತಯಾರಾಗಿ ರಕ್ತದ ಮೂಲಕ ಇನ್ನೊಂದು ಕಡೆಗೆ ಆಜ್ಞೆ ಒಯ್ಯುವ ವಸ್ತುವಿಗೆ ಹಾರ್ಮೋನು ಎಂದು ಹೆಸರು.

ಹಾರ್ಮೋನುಗಳಲ್ಲಿ ಹಲವು ಜಾತಿಗಳಿವೆ. ಅಮೈನೋ ಆಮ್ಲಗಳೆಂಬ ಸಣ್ಣ ಮಣಿಗಳನ್ನು ಸರದಂತೆ ಪೋಣಿಸಿ ಆದವು ಪೆಪ್ಟೈಡ್ ಹಾರ್ಮೋನುಗಳು. ಆಕ್ಸಿಟೋಸಿನ್ 9 ಮಣಿಗಳ ಸರ. ಸಕ್ಕರೆ ಕಾಯಿಲೆಯವರು ತೆಗೆದುಕೊಳ್ಳುವ ಇನ್ಸುಲಿನ್ 51 ಮಣಿಗಳದ್ದು. ಈ ಸರಗಳು ಹೊಟ್ಟೆಗೆ ಹೋದರೆ ಬೇಳೆಕಾಳಿನ ಸಸಾರಜನಕದಂತೆಯೇ ಜೀರ್ಣವಾಗಿ ಬಿಡಿಬಿಡಿಯಾಗುತ್ತವೆ. ಇನ್ಸುಲಿನ್ನನ್ನು ನುಂಗದೆ ಚುಚ್ಚಿಸಿಕೊಳ್ಳುವುದು ಇದೇ ಕಾರಣಕ್ಕೆ.

ಥೈರಾಯ್ಡ್ ಗ್ರಂಥಿಯ ಎರಡು ಕೆಲಸ

ಥೈರಾಯ್ಡ್ ಗ್ರಂಥಿ ಗಂಟಲಿನ ಕೆಳಗೆ, ಉಸಿರು ನಾಳದ ಎರಡು ಪಕ್ಕದಲ್ಲಿ ಅಂಟಿಕೊಂಡಿರುತ್ತದೆ. ಅಯೋಡಿನ್ ಬಳಸಿಕೊಂಡು ಥೈರಾಕ್ಸಿನ್ ತಯಾರಿಸುವುದು ಅದರ ಎಲ್ಲರಿಗೂ ತಿಳಿದ ಕೆಲಸ. ಅಯೋಡಿನ್ ಸಾಲದೆ ಹೋದಾಗ ಈ ಗ್ರಂಥಿ ಊದಿಕೊಂಡರೆ ಅದನ್ನು ಗಳಗಂಡ ಎನ್ನುತ್ತೇವೆ. ಥೈರಾಕ್ಸಿನ್ ಪೆಪ್ಟೈಡ್ ಜಾತಿಯದಲ್ಲ.

ಇದೇ ಗ್ರಂಥಿಯ ನಡುನಡುವೆ ಬೇರೆ ಜಾತಿಯ ಕೋಶಗಳು ಚದುರಿಕೊಂಡಿವೆ. ಇವಕ್ಕೆ ಸಿ ಕೋಶಗಳೆಂದು ಹೆಸರು. ಇವು ತಯಾರಿಸುವುದು ಕ್ಯಾಲ್ಸಿಟೋನಿನ್ ಎಂಬ ಪೆಪ್ಟೈಡ್ ಹಾರ್ಮೋನು. 32 ಮಣಿಗಳ ಸರ. ರಕ್ತದಲ್ಲಿ ಸುಣ್ಣದಂಶ ಹೆಚ್ಚಿದೊಡನೆ ಇದು ಹೊರಬರುತ್ತದೆ. ಮೂಳೆಯಿಂದ ಸುಣ್ಣದಂಶ ಕರಗಿ ಬರುವುದನ್ನು ತಡೆದು, ರಕ್ತದ ಮಟ್ಟವನ್ನು ಇಳಿಸುತ್ತದೆ.

ಇದಕ್ಕೆ ಎದುರಾದ ಕೆಲಸ ಪ್ಯಾರಾಥೈರಾಯ್ಡ್ ಎಂಬ ನಾಲ್ಕು ಸಣ್ಣ ಗ್ರಂಥಿಗಳದ್ದು. ಇವುಗಳ ಹಾರ್ಮೋನೂ ಪೆಪ್ಟೈಡೇ. ರಕ್ತದಲ್ಲಿ ಸುಣ್ಣದಂಶ ಇಳಿದಾಗ ಇದು ಹೊರಬಂದು ಮೂಳೆಯಿಂದ ಸುಣ್ಣದಂಶ ಬಿಡಿಸುತ್ತದೆ. ಮೂತ್ರದಲ್ಲಿ ಪೋಲಾಗುವುದನ್ನು ತಡೆಯುತ್ತದೆ. ಮೂತ್ರಪಿಂಡದಲ್ಲಿ 'ಡಿ' ಜೀವಸತ್ವವನ್ನು ಚುರುಕುಗೊಳಿಸಿ, ಮೇವಿನಲ್ಲಿರುವ ಸುಣ್ಣದಂಶವನ್ನು ಕರುಳು ಹೆಚ್ಚು ಹೀರುವಂತೆ ಮಾಡುತ್ತದೆ. ಕೆರೆಯ ತೂಬಿನ ಕಾವಲಿಗೆ ಇಬ್ಬರಿದ್ದಂತೆ: ಒಬ್ಬ ಮುಚ್ಚುವವ, ಇನ್ನೊಬ್ಬ ತೆರೆಯುವವ.

ಕ್ಯಾಲ್ಸಿಟೋನಿನ್ ಇದೆಯೆಂದು ಮೊದಲು ತೋರಿಸಿದವರು ಕೆನಡಾದ ವ್ಯಾಂಕೂವರಿನ ಹೆರಾಲ್ಡ್ ಕಾಪ್. ಅದು 1960ರ ದಶಕದ ಆರಂಭದ ಮಾತು. ಅದು ಪ್ಯಾರಾಥೈರಾಯ್ಡಿನಿಂದ ಬರುತ್ತದೆಂದು ಅವರು ಭಾವಿಸಿದ್ದರು. ಅದರ ಮೂಲ ಥೈರಾಯ್ಡ್ ಎಂದು 1964ರಲ್ಲಿ ಲಂಡನ್ನಿನ ವಿಜ್ಞಾನಿಗಳು ತೋರಿಸಿದ್ದು ಮೇಕೆಗಳ ಮೇಲಿನ ಪ್ರಯೋಗದಿಂದ.

ಹೋರಿಗಳ ಥೈರಾಯ್ಡಿನಲ್ಲಿ ಗೆಡ್ಡೆ

ಅಮೆರಿಕದ ಕೃತಕ ಗರ್ಭಧಾರಣೆ ಕೇಂದ್ರಗಳಲ್ಲಿ ಸಾಕಿದ ಹೋರಿಗಳಿಗೆ ಹಾಲು ಕೊಡುವ ಹಸುಗಳಿಗೆ ಹಾಕುವಂಥದೇ ಆಹಾರ ಹಾಕುತ್ತಿದ್ದ ಕಾಲವಿತ್ತು. ಹಸುವಿಗೆ ಸರಿಯಾದ ಸುಣ್ಣದಂಶ ಹೋರಿಗೆ ಅಗತ್ಯಕ್ಕಿಂತ ಹಲವು ಪಟ್ಟು ಹೆಚ್ಚು. ವರ್ಷಗಟ್ಟಲೆ ಹೀಗೆ ತಿಂದ ವಯಸ್ಸಾದ ಹೋರಿಗಳಲ್ಲಿ ಒಂದು ವಿಚಿತ್ರ ಕಾಯಿಲೆ ಕಂಡುಬಂತು. ಬೆನ್ನುಮೂಳೆಯ ಮಣಿಗಳು ಒಂದಕ್ಕೊಂದು ಬೆಸೆದುಕೊಂಡವು. ಮೂಳೆಗಳು ಅಗತ್ಯಕ್ಕಿಂತ ಗಟ್ಟಿಯಾದವು. ಹೋರಿಗಳು ಬಿಗಿದುಕೊಂಡು ನಡೆಯತೊಡಗಿದವು.

1969ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕ್ರೂಕ್ ಮತ್ತು ಅವರ ಸಂಗಡಿಗರು ಇಂಥ ಹೋರಿಗಳ ಕುರಿತು ಪ್ರಕಟಿಸಿದ ವರದಿಯಲ್ಲಿ ಮೂರು ಸಂಗತಿಗಳನ್ನು ಜೋಡಿಸಿದರು: ಆಹಾರದಲ್ಲಿ ಅತಿಯಾದ ಸುಣ್ಣದಂಶ, ಥೈರಾಯ್ಡಿನಲ್ಲಿ ಸಿ ಕೋಶಗಳ ಗೆಡ್ಡೆ, ಅತಿಯಾಗಿ ಗಟ್ಟಿಯಾದ ಮೂಳೆ. ಕರುಳಿನಿಂದ ಸುಣ್ಣದಂಶ ರಕ್ತಕ್ಕೆ ಬರುತ್ತಲೇ ಇದ್ದುದರಿಂದ ಸಿ ಕೋಶಗಳಿಗೆ ಬಿಡುವೇ ಇರಲಿಲ್ಲ. ಕೆಲಸ ಹೆಚ್ಚಿದಂತೆ ಕೋಶಗಳ ಸಂಖ್ಯೆಯೂ ಹೆಚ್ಚಿತು. ಕೊನೆಗೆ ಕೆಲವು ಹೋರಿಗಳಲ್ಲಿ ಅದು ಗೆಡ್ಡೆಯಾಯಿತು. ಕೆಲವು ಗೆಡ್ಡೆಗಳು ಕ್ಯಾನ್ಸರ್ ಸ್ವರೂಪದವು. ಮುಂದೆ ಓಹಿಯೋದ ಪಶುವೈದ್ಯ ವಿಜ್ಞಾನಿ ಕೇಪನ್ ಮತ್ತು ಸಂಗಡಿಗರೂ ಈ ಗೆಡ್ಡೆಗಳನ್ನು ವಿವರವಾಗಿ ಅಭ್ಯಾಸ ಮಾಡಿದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಗೆಡ್ಡೆ ಕ್ಯಾಲ್ಸಿಟೋನಿನ್ ಸುರಿಸುತ್ತಿದ್ದರೆ ರಕ್ತದ ಸುಣ್ಣದಂಶ ಪೂರ್ತಿ ಇಳಿದು ಹೋರಿ ಬೀಳಬೇಕಿತ್ತಲ್ಲ? ಹಾಗಾಗಲಿಲ್ಲ. ಹೆಚ್ಚಿನ ಹೋರಿಗಳಲ್ಲಿ ರಕ್ತದ ಮಟ್ಟ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ತೂಬು ತೆರೆಯುವವನು ಇನ್ನೂ ಕೆಲಸದಲ್ಲಿದ್ದ. ದೇಹವೂ ನಿತ್ಯದ ಆಜ್ಞೆಗೆ ಒಗ್ಗಿಹೋಗಿ ಮೊದಲಿನಷ್ಟು ಕಿವಿಗೊಡುತ್ತಿರಲಿಲ್ಲ. ರಕ್ತಪರೀಕ್ಷೆಯಲ್ಲಿ ಸುಣ್ಣದಂಶ ಸರಿಯಾಗಿದ್ದರೂ ಗ್ರಂಥಿಯೊಳಗೆ ಕೆಡಕು ನಡೆದಿರಬಹುದು ಎಂಬುದು ಇದರಿಂದ ತಿಳಿಯುವ ಮಾತು.

ಹಸುಗಳಿಗೆ ಏಕೆ ಬರಲಿಲ್ಲ?

ಅದೇ ಆಹಾರ ತಿಂದ ಹಸುಗಳಲ್ಲಿ ಈ ಗೆಡ್ಡೆಗಳು ಕಾಣಲಿಲ್ಲ. ಹಸುವಿಗೆ ಸುಣ್ಣದಂಶ ಹೊರಹೋಗುವ ದಾರಿಗಳಿವೆ. ಒಂದು ಲೀಟರ್ ಹಾಲಿನಲ್ಲಿ ಸುಮಾರು 1.2 ಗ್ರಾಂ ಸುಣ್ಣದಂಶ ಇರುತ್ತದೆ. ದಿನಕ್ಕೆ 10 ಲೀಟರ್ ಕರೆಯುವ ಹಸು 12 ಗ್ರಾಂ ಸುಣ್ಣದಂಶವನ್ನು ಸಂಘದ ಕ್ಯಾನಿಗೆ ಸುರಿಯುತ್ತದೆ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಹೊಟ್ಟೆಯ ಕರುವಿನ ಮೂಳೆಗೂ ಹೋಗುತ್ತದೆ. ಹೋರಿಗೆ ಈ ಎರಡೂ ದಾರಿಗಳಿಲ್ಲ.

ಇದರಿಂದ ನಮಗೆ ಮೊದಲ ಪಾಠ: ಹಸುವಿನ ಕ್ಯಾಲ್ಸಿಯಂ ದ್ರಾವಣವನ್ನು "ಉಳಿದಿದೆಯಲ್ಲ" ಎಂದು ಹೋರಿಗೋ ಎತ್ತಿಗೋ ತಿಂಗಳುಗಟ್ಟಲೆ ಕುಡಿಸಬಾರದು. ಮೈ ತುಂಬಿಕೊಳ್ಳಲೆಂದು ಕೊಟ್ಟದ್ದು ಗಂಟಲಿನ ಗ್ರಂಥಿಗೂ ಬೆನ್ನುಮೂಳೆಗೂ ಭಾರವಾಗಬಹುದು. ಹೋರಿಯ ಆಹಾರದಲ್ಲಿ ಸುಣ್ಣದಂಶ ತಗ್ಗಿಸಿದ ಕಡೆ ಇಂಥ ಗೆಡ್ಡೆಗಳೂ ಕಡಿಮೆಯಾದವು.

ಹಾಲು ಜ್ವರ: ತೂಬು ತೆರೆಯುವವನು ಮಲಗಿದ್ದರೆ

ಈಗ ಗಬ್ಬದ ಹಸುವಿನ ವಿಚಾರಕ್ಕೆ ಬರೋಣ. ಹಾಲು ಬತ್ತಿಸಿದ ಹಸುವೂ ಆ ಎರಡು ತಿಂಗಳ ಮಟ್ಟಿಗೆ ಹೋರಿಯ ಹಾಗೆಯೇ. ಕೆಚ್ಚಲಿನ ದಾರಿ ಮುಚ್ಚಿರುತ್ತದೆ. ಆಗ ಕ್ಯಾಲ್ಸಿಯಂ ಹೆಚ್ಚು ಕೊಟ್ಟರೆ ಎರಡು ತಿಂಗಳಿನಲ್ಲಿ ಗೆಡ್ಡೆಯೇನೂ ಬೆಳೆಯುವುದಿಲ್ಲ. ಆದರೆ ಕ್ಯಾಲ್ಸಿಟೋನಿನ್ ಕಡೆಯ ಕೆಲಸ ಹೆಚ್ಚಿ, ಪ್ಯಾರಾಥೈರಾಯ್ಡಿಗೆ ಕೆಲಸವಿಲ್ಲದೆ ಅದು ಮಂಕಾಗುತ್ತದೆ. ಮೂಳೆಯಿಂದ ಸುಣ್ಣದಂಶ ಬಿಡಿಸುವ, ಕರುಳಿನಿಂದ ಹೀರುವ ವ್ಯವಸ್ಥೆ ನಿದ್ದೆಗೆ ಜಾರುತ್ತದೆ.

ಕರು ಹಾಕಿದ ದಿನ ಕೆಚ್ಚಲಿಗೆ ಒಮ್ಮೆಲೇ ಗಿಣ್ಣುಹಾಲು ಇಳಿಯುತ್ತದೆ. ಗಿಣ್ಣುಹಾಲಿನಲ್ಲಿ ಲೀಟರಿಗೆ ಸುಮಾರು 2 ಗ್ರಾಂ ಸುಣ್ಣದಂಶವಿರುತ್ತದೆ. ನಮ್ಮ ಮಿಶ್ರತಳಿ ಹಸುವಿನ ರಕ್ತದಲ್ಲಿ ಯಾವುದೇ ಹೊತ್ತಿಗೆ ಇರುವುದು ಒಟ್ಟು 2ರಿಂದ 3 ಗ್ರಾಂ ಮಾತ್ರ. 5 ಲೀಟರ್ ಗಿಣ್ಣು ಕರೆದರೆ 10 ಗ್ರಾಂ ಹೋಯಿತು. ಅಂದರೆ ರಕ್ತದ ಸುಣ್ಣದಂಶವನ್ನು ಆ ದಿನ ಮತ್ತೆ ಮತ್ತೆ ತುಂಬಬೇಕು. ಮೂಳೆಯಲ್ಲಿ ಕಿಲೋಗಟ್ಟಲೆ ದಾಸ್ತಾನಿದೆ. ಆದರೆ ತೆರೆಯುವವನು ಎಚ್ಚರಗೊಂಡು ಕೆಲಸ ಪೂರ್ಣವಾಗಿ ಹಿಡಿಯಲು ಒಂದೆರಡು ದಿನ ಬೇಕು. ಅಷ್ಟರಲ್ಲಿ ಹಸು ಬಿದ್ದಿರುತ್ತದೆ. ಇದೇ ಹಾಲು ಜ್ವರ.

1967ರಲ್ಲಿ ಕೇಪನ್ ಮತ್ತು ಯಂಗ್ ಎಂಬವರು ಹಾಲು ಜ್ವರ ಬಂದ ಹಸುಗಳ ಥೈರಾಯ್ಡನ್ನು ಪರೀಕ್ಷಿಸಿದಾಗ ಸಿ ಕೋಶಗಳಲ್ಲಿ ಶೇಖರವಾಗಿರಬೇಕಾದ ಕ್ಯಾಲ್ಸಿಟೋನಿನ್ ಖಾಲಿಯಾಗಿರುವುದನ್ನು ಕಂಡರು. ಈ ಹಾರ್ಮೋನೇ ಕಾಯಿಲೆಗೆ ಮುಖ್ಯ ಕಾರಣವೇನೋ ಎಂಬ ಅನುಮಾನ ಆಗ ಹುಟ್ಟಿತು. ಮುಂದೆ ರಕ್ತದಲ್ಲಿಯೇ ಅಳೆದು ನೋಡಿದಾಗ ಹೆಚ್ಚಿನ ಹಸುಗಳಲ್ಲಿ ಅದು ಏರಿರಲಿಲ್ಲ. ಮೂಳೆ ಮತ್ತು ಕರುಳು ಸಕಾಲಕ್ಕೆ ಓಗೊಡದಿರುವುದೇ ಮುಖ್ಯ ಕಾರಣ ಎಂಬುದು ಇಂದಿನ ತಿಳಿವಳಿಕೆ. ಗಬ್ಬದ ಕೊನೆಯಲ್ಲಿ ಕ್ಯಾಲ್ಸಿಯಂ ಸುರಿಯಬಾರದು ಎಂಬ ಸಲಹೆ ಮಾತ್ರ ಎರಡೂ ಲೆಕ್ಕದಲ್ಲಿ ಒಂದೇ.

ಇನ್ನೂ ಎರಡು ಸಂಗತಿಗಳಿವೆ. ಗೋಬರ್ ಗ್ಯಾಸಿನ ಬಗ್ಗಡ ಧಾರಾಳವಾಗಿ ಹರಿಸಿ ಬೆಳೆದ ನೇಪಿಯರ್ ಹುಲ್ಲಿನಲ್ಲಿ ಪೊಟ್ಯಾಶ್ ಹೆಚ್ಚಿರುತ್ತದೆ. ಅತಿಯಾದ ಪೊಟ್ಯಾಶ್ ರಕ್ತವನ್ನು ಕ್ಷಾರದ ಕಡೆಗೆ ಒಯ್ದು, ಪ್ಯಾರಾಥೈರಾಯ್ಡ್ ಹಾರ್ಮೋನಿನ ಮಾತು ಮೂಳೆಗೆ ಕೇಳದಂತೆ ಮಾಡುತ್ತದೆ. ಹಾಗೆಯೇ ಮೆಗ್ನೀಸಿಯಂ ಸಾಲದಿದ್ದರೂ ಈ ಹಾರ್ಮೋನು ಸರಿಯಾಗಿ ಕೆಲಸ ಮಾಡುವುದಿಲ್ಲ.

ಮೂರನೆಯ ಕರುವಿನ ನಂತರದ ಹಸುಗಳು, ಹೆಚ್ಚು ಹಾಲಿನ ಹಸುಗಳು, ಜರ್ಸಿ ರಕ್ತದವು, ಹಿಂದೊಮ್ಮೆ ಬಿದ್ದವು - ಇವುಗಳ ಮೇಲೆ ಹೆಚ್ಚು ನಿಗಾ ಬೇಕು. ಮಲೆನಾಡು ಗಿಡ್ಡ ಹಸುಗಳ ಹಾಲಿನ ಪ್ರಮಾಣ ಕಡಿಮೆಯಾದ್ದರಿಂದ ಅವುಗಳಲ್ಲಿ ಈ ಕಾಯಿಲೆ ಅಪರೂಪ. ಅಜ್ಜನ ಕಾಲದಲ್ಲಿ ಹಸು ಹೀಗೆ ಬೀಳುತ್ತಿರಲಿಲ್ಲ ಎಂದು ಹಿರಿಯರು ಹೇಳಿದರೆ ಅದರಲ್ಲಿ ನಿಜವಿದೆ.

ಸದಸ್ಯರು ಮಾಡಬೇಕಾದದ್ದು

1. ಕೃತಕ ಗರ್ಭಧಾರಣೆ ಮಾಡಿಸಿದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಹಸು ಕರು ಹಾಕುವುದು ಸುಮಾರು 280 ದಿನಗಳಿಗೆ. 260ನೇ ದಿನದಿಂದ ಮುಂದಿನದು ಎಚ್ಚರಿಕೆಯ ಕಾಲ.

2. ಈ ಮೂರು ವಾರ ಕ್ಯಾಲ್ಸಿಯಂ ದ್ರಾವಣ ಕುಡಿಸಬೇಡಿ. ಗ್ಲಿರಿಸಿಡಿಯ, ಸುಬಾಬುಲ್‌ನಂತಹ ಮರದ ಸೊಪ್ಪುಗಳಲ್ಲಿ ಸುಣ್ಣದಂಶ ಹೆಚ್ಚು. ಅವನ್ನು ಕರೆಯುವ ಹಸುಗಳಿಗೆ ಹಾಕಿ. ಖನಿಜ ಮಿಶ್ರಣದಲ್ಲಿಯೂ ಐದನೇ ಒಂದು ಭಾಗದಷ್ಟು ಸುಣ್ಣದಂಶವೇ ಇರುವುದರಿಂದ ಈ ಅವಧಿಯಲ್ಲಿ ಎಷ್ಟು ಕೊಡಬೇಕೆಂದು ಪಶುವೈದ್ಯರನ್ನು ಕೇಳಿ.

3. ಬಗ್ಗಡ ಹರಿಸಿದ ನೇಪಿಯರ್ ಹುಲ್ಲನ್ನು ಈ ಹಸುವಿಗೆ ಕಡಿಮೆ ಮಾಡಿ, ಬತ್ತದ ಹುಲ್ಲು ಹೆಚ್ಚು ಕೊಡಿ. ಪಶು ಆಹಾರ ಪೂರ್ತಿ ನಿಲ್ಲಿಸಬೇಡಿ.

4. ರಕ್ತವನ್ನು ಆಮ್ಲದ ಕಡೆಗೆ ತರುವ ವಿಶೇಷ ಲವಣಗಳು ಸಿಗುತ್ತವೆ. ಹಿಂದೆ ಬಿದ್ದ ಹಸುವಿಗೆ ಇವು ಉಪಯುಕ್ತ. ಆದರೆ ಪಶುವೈದ್ಯರ ಅಳತೆಯಲ್ಲಿ ಮಾತ್ರ ಕೊಡಬೇಕು.

5. ಕರು ಹಾಕಿದ ದಿನದಿಂದ ಲೆಕ್ಕ ಬದಲಾಗುತ್ತದೆ. ಬಾಯಿಯ ಮೂಲಕ ಕ್ಯಾಲ್ಸಿಯಂ ಕೊಡಬೇಕಾದದ್ದು ಈಗ. ಹಸು ಎದ್ದು ನಿಂತಿದ್ದು ಚೆನ್ನಾಗಿ ನುಂಗುತ್ತಿದ್ದರೆ ಮಾತ್ರ ಕೊಡಿ. ಮುಂದೆ ಕರೆಯುವಷ್ಟು ದಿನವೂ ಖನಿಜ ಮಿಶ್ರಣ ತಪ್ಪಿಸಬೇಡಿ.

6. ಕರುವಿಗೆ ಬೇಕಾದಷ್ಟು ಗಿಣ್ಣು ತಡಮಾಡದೆ ಕುಡಿಸಿ. ಹಿಂದೆ ಬಿದ್ದ ಹಸುವಿನ ಕೆಚ್ಚಲನ್ನು ಮೊದಲ ದಿನ ಪೂರ್ತಿ ಬರಿದು ಮಾಡಬೇಡಿ.

ಹಸು ಬಿದ್ದರೆ

ಜ್ವರ ಎಂಬ ಹೆಸರಿದ್ದರೂ ಈ ಕಾಯಿಲೆಯಲ್ಲಿ ಮೈ ಬಿಸಿಯಾಗುವುದಿಲ್ಲ. ಮೊದಲು ಹಸು ಬೆದರುತ್ತದೆ, ಮೈ ನಡುಗುತ್ತದೆ, ಹಿಂಗಾಲು ತಡವರಿಸುತ್ತದೆ. ಆಮೇಲೆ ಕೂತಲ್ಲೇ ಕೂತು ಕತ್ತನ್ನು ಪಕ್ಕೆಗೆ ಹೊರಳಿಸುತ್ತದೆ. ಕಿವಿ ತಣ್ಣಗಾಗುತ್ತದೆ, ಮೂತಿ ಒಣಗುತ್ತದೆ, ಸಗಣಿ ನಿಲ್ಲುತ್ತದೆ. ಕೊನೆಗೆ ಅಡ್ಡ ಬಿದ್ದು ಎಚ್ಚರ ತಪ್ಪುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ಸಾಯಬಹುದು.

ಕೂಡಲೇ ಪಶುವೈದ್ಯರಿಗೆ ತಿಳಿಸಿ, ಅಥವಾ 1962 ಸಂಖ್ಯೆಗೆ ಕರೆ ಮಾಡಿ. ಅಷ್ಟರೊಳಗೆ ಹಸು ಅಡ್ಡ ಬೀಳದಂತೆ ಹುಲ್ಲಿನ ಮೂಟೆ ಒತ್ತುಕೊಟ್ಟು ಎದೆಯ ಮೇಲೆ ಕೂರಿಸಿ. ಕೆಳಗೆ ಒಣ ದರಕು ದಪ್ಪವಾಗಿ ಹಾಸಿ, ಆಗಾಗ ಮಗ್ಗುಲು ಬದಲಿಸಿ. ಬಾಯಿಗೆ ಏನನ್ನೂ ಹೊಯ್ಯಬೇಡಿ. ನುಂಗುವ ಶಕ್ತಿ ಇರುವುದಿಲ್ಲವಾದ್ದರಿಂದ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಡುವುದು ಪಶುವೈದ್ಯರ ಕೆಲಸ. ಎದೆಬಡಿತ ಕೇಳುತ್ತಾ ನಿಧಾನವಾಗಿ ಹರಿಸಬೇಕು; ಅವಸರದಲ್ಲಿ ಹರಿಸಿದರೆ ಹೃದಯ ನಿಂತುಹೋಗುತ್ತದೆ. ಸಕಾಲಕ್ಕೆ ಸಿಕ್ಕಿದ ಹಸು ಕಣ್ಣೆದುರಿಗೇ ಎದ್ದು ನಿಲ್ಲುವುದುಂಟು. ಕೆಲವು ಮಾರನೆಯ ದಿನ ಮತ್ತೆ ಬೀಳುತ್ತವೆ, ನಿಗಾ ಬಿಡಬಾರದು.

ಗಂಟಲ ಬಾವೆಲ್ಲ ಥೈರಾಯ್ಡ್ ಅಲ್ಲ

ಈ ಲೇಖನ ಓದಿ ದನದ ಗಂಟಲು ಊದಿದ್ದೆಲ್ಲ ಗೆಡ್ಡೆಯೆಂದು ಗಾಬರಿಯಾಗಬೇಡಿ. ಗದ್ದದ ಕೆಳಗೆ ಒತ್ತಿದರೆ ತಗ್ಗು ಬೀಳುವ ನೀರಿನ ಬಾವು ಇದ್ದು, ದನ ಬಡಕಲಾಗುತ್ತಿದ್ದರೆ ಪಿತ್ತಕೋಶದ ಚಪ್ಪಟೆ ಹುಳುವಿನ ಬಾಧೆ ಇರಬಹುದು. ಜೌಗು ಗದ್ದೆಗಳ ಬಸವನಹುಳುವಿನಿಂದ ಬರುವ ಈ ಬಾಧೆ ನಮ್ಮಲ್ಲಿ ಸಾಮಾನ್ಯ. ಮಳೆಗಾಲದಲ್ಲಿ ತೀವ್ರ ಜ್ವರದೊಡನೆ ಗಂಟಲು ಊದಿ ಉಸಿರು ಗೊರಗೊರ ಎಂದರೆ ಗಳಲೆ ರೋಗವೆಂದು ತಿಳಿದು ತಕ್ಷಣ ವೈದ್ಯರನ್ನು ಕರೆಸಬೇಕು. ಹುಟ್ಟಿದ ಕರುವಿನ ಅಥವಾ ಮೇಕೆಮರಿಯ ಕತ್ತಿನಲ್ಲಿ ಗಂಟಿದ್ದರೆ ತಾಯಿಗೆ ಅಯೋಡಿನ್ ಸಾಲದಿರುವುದು ಕಾರಣವಾಗಿರಬಹುದು. ನಿಜವಾದ ಥೈರಾಯ್ಡ್ ಗೆಡ್ಡೆ ಹಾಲು ಕರೆಯುವ ಹಸುವಿನಲ್ಲಿ ಬಹಳ ಅಪರೂಪ.

ಕ್ಯಾಲ್ಸಿಟೋನಿನ್ ಹಾಲಿನಲ್ಲಿ ಬಂದು ಕುಡಿದವರಿಗೆ ತೊಂದರೆಯಾದೀತೇ ಎಂಬ ಭಯವೂ ಬೇಡ. ಮೊದಲೇ ಹೇಳಿದಂತೆ ಪೆಪ್ಟೈಡ್ ಸರಗಳು ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತವೆ.

ಮನೆಮಂದಿಯ ವಿಚಾರ

ಹೋರಿಗಳಲ್ಲಿ ಕಂಡ ಈ ಗೆಡ್ಡೆ ಮನುಷ್ಯರಲ್ಲಿಯೂ ಇದೆ. ಮೆಡುಲರಿ ಕ್ಯಾನ್ಸರ್ ಎಂಬ ಇದನ್ನು ಪ್ರತ್ಯೇಕ ಕಾಯಿಲೆಯೆಂದು 1959ರಲ್ಲಿ ಗುರುತಿಸಲಾಯಿತು. ಥೈರಾಯ್ಡ್ ಕ್ಯಾನ್ಸರುಗಳಲ್ಲಿ ಇದರ ಪಾಲು ನೂರಕ್ಕೆ ಐದರ ಒಳಗೆ. ಮನುಷ್ಯರಲ್ಲಿ ಇದು ಹೆಚ್ಚು ಸುಣ್ಣದಂಶ ತಿಂದು ಬರುವಂಥದಲ್ಲ. ಹಾಲು ಕುಡಿಯುವುದಕ್ಕೂ ಇದಕ್ಕೂ ಸಂಬಂಧ ಕಟ್ಟಬಾರದು. ಸುಮಾರು ನಾಲ್ಕನೇ ಒಂದು ಪಾಲು ರೋಗಿಗಳಲ್ಲಿ ವಂಶವಾಹಿಯ ದೋಷದಿಂದ ಬರುತ್ತದೆ. ಆ ವಂಶವಾಹಿ ಯಾವುದೆಂದು 1993ರಲ್ಲಿ ತಿಳಿಯಿತು. ಹೋರಿಗಳಲ್ಲಿ ಇದ್ದಂತೆಯೇ ಇಲ್ಲಿಯೂ ರಕ್ತದ ಸುಣ್ಣದಂಶ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಕ್ಯಾಲ್ಸಿಟೋನಿನ್ನನ್ನೇ ರಕ್ತದಲ್ಲಿ ಅಳೆದರೆ ಗುಟ್ಟು ಹೊರಬೀಳುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಗೆಡ್ಡೆ ಮರಳಿದೆಯೇ ಎಂದು ನೋಡುವುದೂ ಇದೇ ಪರೀಕ್ಷೆಯಿಂದ.

ಕೆಲವು ಗೆಡ್ಡೆಗಳು ಕ್ಯಾಲ್ಸಿಟೋನಿನ್ ಜೊತೆಗೆ ಬೇರೆ ಪೆಪ್ಟೈಡ್ ಹಾರ್ಮೋನುಗಳನ್ನೂ ಸುರಿಸುತ್ತವೆ. ಆಗ ನಿಲ್ಲದ ಭೇದಿ, ಮುಖ ಕೆಂಪೇರುವುದು, ಮುಖ ಊದಿ ದುಂಡಗಾಗುವುದು ಮೊದಲಾದ, ಗಂಟಲಿಗೆ ಸಂಬಂಧವೇ ಇಲ್ಲದಂತೆ ಕಾಣುವ ತೊಂದರೆಗಳು ಬರಬಹುದು. ಮನೆಯಲ್ಲಿ ಯಾರಿಗಾದರೂ ಕತ್ತಿನಲ್ಲಿ ಗಂಟು ಕಂಡರೆ "ಗಳಗಂಡ, ತಾನೇ ಇಳಿಯುತ್ತದೆ" ಎಂದು ಬಿಡಬೇಡಿ. ಹೆಚ್ಚಿನ ಗಂಟುಗಳು ಅಪಾಯಕಾರಿಯಲ್ಲ. ಆದರೆ ಯಾವುದು ಅಪಾಯಕಾರಿ ಎಂಬುದನ್ನು ವೈದ್ಯರೇ ಹೇಳಬೇಕು. ಹತ್ತಿರದ ಸಂಬಂಧಿಕರಲ್ಲಿ ಥೈರಾಯ್ಡ್ ಕ್ಯಾನ್ಸರ್ ಇದ್ದಿದ್ದರೆ ಅದನ್ನೂ ವೈದ್ಯರಿಗೆ ತಪ್ಪದೆ ತಿಳಿಸಿ. ಈ ರೋಗಗಳ ಚಿಕಿತ್ಸೆಗೆ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ.

ಒಟ್ಟಿನಲ್ಲಿ ಸದಸ್ಯರು ನೆನಪಿಡಬೇಕಾದದ್ದು ಇಷ್ಟು. ಕರೆಯುವ ಹಸುವಿಗೆ ಸುಣ್ಣದಂಶ ಬೇಕೇಬೇಕು. ಹೋರಿಗೆ ಮೇವಿನಲ್ಲಿ ಸಿಗುವುದೇ ಸಾಕು. ಗಬ್ಬದ ಕೊನೆಯ ಮೂರು ವಾರ ಕೈ ಹಿಡಿಯಬೇಕು. ಆ ಮೂರು ವಾರದ ಬಾಟಲಿಯ ದುಡ್ಡನ್ನು ಉಳಿಸಿ, ಕರು ಹಾಕಿದ ಮೇಲೆ ಅದೇ ದುಡ್ಡಿಗೆ ಖನಿಜ ಮಿಶ್ರಣ ಕೊಳ್ಳಿ.